ಕೂರಿಸಬೇಡಿ, ಕೈಹಿಡಿದು ನಿಲ್ಲಿಸಿ

ಒಂಬತ್ತನೆಯ ತರಗತಿಗೆ ಗುರುತ್ವ ಕೇಂದ್ರದ ಪಾಠ ಮಾಡುವಾಗ ನಾನು ಪ್ರತಿ ವರ್ಷವೂ ಒಂದು ಆಟ ಆಡಿಸುತ್ತೇನೆ. ಇಡೀ ತರಗತಿ ಎದ್ದು ನಿಂತು ಒಂದು ಕಾಲನ್ನು ಎತ್ತಬೇಕು. ಹತ್ತು ಎಣಿಸುವವರೆಗೆ ಯಾರಿಗೂ ಏನೂ ಆಗುವುದಿಲ್ಲ. ಆಮೇಲೆ ‘ಈಗ ಕಣ್ಣು ಮುಚ್ಚಿ’ ಎನ್ನುತ್ತೇನೆ. ಸ್ವಲ್ಪ ಹೊತ್ತಿಗೆಲ್ಲ ಅರ್ಧ ತರಗತಿ ಪಕ್ಕದವರ ಹೆಗಲ ಮೇಲೆ ವಾಲಿರುತ್ತದೆ. ನಗು, ಗಲಾಟೆ. ಪಕ್ಕದ ಕೊಠಡಿಯ ಮೇಷ್ಟ್ರು ಬಾಗಿಲಲ್ಲಿ ಇಣುಕಿ ಹೋಗುತ್ತಾರೆ.

ಈ ವರ್ಷ ಗಲಾಟೆ ಅಡಗಿದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈಯೆತ್ತಿದಳು. ‘ಸಾರ್, ನಮ್ಮಜ್ಜಿ ಹೋದ ತಿಂಗಳು ಬಚ್ಚಲಲ್ಲಿ ಬಿದ್ದು ಕೈ ಮುರ್ಕೊಂಡ್ರು. ವಯಸ್ಸಾದ್ರೆ ಗುರುತ್ವ ಕೇಂದ್ರ ಜಾಗ ಬದಲಾಯಿಸುತ್ತಾ ಸಾರ್?’

ತರಗತಿ ಮತ್ತೆ ನಕ್ಕಿತು. ನನಗೆ ನಗು ಬರಲಿಲ್ಲ. ‘ಅಜ್ಜಿ ಈಗ ಹೇಗಿದಾರಮ್ಮ?’ ಎಂದು ಕೇಳಿದೆ. ‘ಕೈ ವಾಸಿ ಆಗ್ತಿದೆ ಸಾರ್. ಅಪ್ಪ ಕೂತಲ್ಲಿಂದ ಏಳಲೇಬೇಡ ಅಂದಿದಾರೆ. ಊಟ, ನೀರು ಎಲ್ಲ ಕೂತಲ್ಲಿಗೇ ಕೊಡ್ತೀವಿ’ ಎಂದಳು.

ಆ ಮಾತು ಕೇಳಿ ಎದೆ ಧಸಕ್ಕೆಂದಿತು. ಏಕೆಂದರೆ ಅದೇ ಮಾತನ್ನು ಕೆಲವು ವರ್ಷಗಳ ಹಿಂದೆ ನಾನೂ ಆಡಿದ್ದೆ. ಗಂಟೆ ಹೊಡೆದದ್ದರಿಂದ ಆ ದಿನ ಅವಳಿಗೆ ಪೂರ್ತಿ ಉತ್ತರ ಕೊಡಲಾಗಲಿಲ್ಲ. ಈ ವಾರದ ಅಂಕಣದಲ್ಲಿ ಆ ಉತ್ತರವನ್ನು ಬರೆಯುತ್ತಿದ್ದೇನೆ. ಮಕ್ಕಳ ಜೊತೆಗೆ ಅವರ ಅಪ್ಪ ಅಮ್ಮಂದಿರೂ ಓದಲಿ ಎಂಬುದು ನನ್ನ ಆಸೆ.

ನಮ್ಮ ಅವ್ವನ ಕತೆ

ಹೊಳೆನರಸೀಪುರದ ಹತ್ತಿರದ ಹಳ್ಳಿ ನಮ್ಮದು. ಅವ್ವನಿಗೆ ಆಗ 71 ವರ್ಷ. ಬೆಳಿಗ್ಗೆ ಹಿತ್ತಲಿಂದ ಸೌದೆ ತಂದು ಹಂಡೆಗೆ ಉರಿ ಹಾಕುವುದರಿಂದ ಹಿಡಿದು, ಸಂಜೆ ಗದ್ದೆಯ ಬದುವಿನ ಮೇಲೆ ನಡೆದು ಹೋಗಿ ಸೊಪ್ಪು ಕುಯ್ದು ತರುವವರೆಗೆ ಯಾವ ಕೆಲಸವನ್ನೂ ಬಿಟ್ಟವರಲ್ಲ. ಒಂದು ಮಳೆಗಾಲದ ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಕೈಯೂರಿ ಬಿದ್ದರು. ಮಣಿಕಟ್ಟಿನ ಮೂಳೆ ಮುರಿಯಿತು. ಬ್ಯಾಂಡೇಜು ಹಾಕಿಸಿದೆವು, ಆರು ವಾರಕ್ಕೆ ಕೂಡಿಕೊಂಡಿತು. ಅಲ್ಲಿಗೆ ವಿಷಯ ಮುಗಿಯಬೇಕಿತ್ತು.

ಮುಗಿಯಲು ನಾವು ಬಿಡಲಿಲ್ಲ. ಮನೆಮಂದಿಯೆಲ್ಲ ಸೇರಿ ಅವ್ವನನ್ನು ಪಡಸಾಲೆಯ ಕುರ್ಚಿಯಲ್ಲಿ ಕೂರಿಸಿದೆವು. ಸೌದೆ ಮುಟ್ಟಬೇಡ, ಹಿತ್ತಲಿಗೆ ಹೋಗಬೇಡ, ಮೆಟ್ಟಿಲು ಇಳಿಯಬೇಡ. ಅವರಿಗೂ ಬಿದ್ದ ಭಯ ಮನಸ್ಸಿನಲ್ಲಿತ್ತು, ಮಕ್ಕಳ ಮಾತಿಗೆ ಒಪ್ಪಿಕೊಂಡರು. ತಿಂಗಳುಗಳು ಕಳೆದಂತೆ ಹೆಜ್ಜೆ ಚಿಕ್ಕದಾಯಿತು. ಗೋಡೆ ಹಿಡಿಯದೆ ನಡೆಯುವುದು ನಿಂತುಹೋಯಿತು. ಅದನ್ನು ನಾವು ‘ವಯಸ್ಸಾಯಿತಲ್ಲ’ ಎಂದುಕೊಂಡೆವು. ಹತ್ತು ತಿಂಗಳ ಮೇಲೆ ಒಂದು ರಾತ್ರಿ ಮಂಚದಿಂದ ಎದ್ದು ಎರಡನೆಯ ಹೆಜ್ಜೆ ಇಡುವಾಗ ಮತ್ತೆ ಬಿದ್ದರು. ಈ ಸಲ ಮುರಿದದ್ದು ಸೊಂಟದ ಕೀಲಿನ ಬಳಿಯ ತೊಡೆಮೂಳೆ.

ಹಾಸನದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಮೊದಲ ಸಲ ಬಿದ್ದ ಮೇಲೆ ಇವರು ಮನೆಯಲ್ಲಿ ಏನೇನು ಮಾಡುತ್ತಿದ್ದರು ಎಂದು ಕೇಳಿದರು. ನಾನು ಸ್ವಲ್ಪ ಹೆಮ್ಮೆಯಿಂದಲೇ, ‘ಒಂದು ಕಡ್ಡಿ ಎತ್ತಿಡೋಕೂ ಬಿಟ್ಟಿಲ್ಲ ಸಾರ್’ ಎಂದೆ. ಅವರು ಒಂದು ನಿಮಿಷ ಸುಮ್ಮನಿದ್ದು, ‘ಬಿಡಬೇಕಿತ್ತು ಮೇಷ್ಟ್ರೇ’ ಎಂದರು.

ಅವ್ವ ಅದಾದ ಮೇಲೆ ಒಂದು ವರ್ಷ ಬದುಕಿದ್ದರು. ಮನೆಯ ಹೊಸ್ತಿಲನ್ನು ತಾವಾಗಿ ಮತ್ತೆ ದಾಟಲಿಲ್ಲ. ನ್ಯೂಟನ್ನನ ನಿಯಮಗಳನ್ನು ಇಷ್ಟು ವರ್ಷ ಪಾಠ ಮಾಡಿದ ನಾನು, ನನ್ನ ಮನೆಯಲ್ಲಿ ಒಂದು ದೇಹ ನಿಲ್ಲುವುದನ್ನು ಮರೆಯುತ್ತಿದ್ದಾಗ ಗಮನಿಸಲಿಲ್ಲ.

ನಿಲ್ಲುವುದೂ ಒಂದು ಕೆಲಸ

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ನಮ್ಮ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ನೀವು ಹೋಗಿರುತ್ತೀರಿ. ಗಂಗರ ಮಂತ್ರಿ ಚಾವುಂಡರಾಯ ಮಾಡಿಸಿದ, ಸುಮಾರು 58 ಅಡಿ ಎತ್ತರದ ಗೊಮ್ಮಟಮೂರ್ತಿ ಕ್ರಿ.ಶ. 981ರ ಸುಮಾರಿನಿಂದ ವಿಂಧ್ಯಗಿರಿಯ ಮೇಲೆ ಹಾಗೇ ನಿಂತಿದೆ. ತೊಡೆಯವರೆಗೆ ಹುತ್ತದ ಆಸರೆಯಿದೆ, ಅಲ್ಲಿಂದ ಮೇಲಕ್ಕೆ ಯಾವ ಆಸರೆಯೂ ಇಲ್ಲ. ಆ ಮೂರ್ತಿಗೆ ನಿಲ್ಲುವುದು ಕೆಲಸವೇ ಅಲ್ಲ. ಬೆಟ್ಟದ ಬಂಡೆಯಲ್ಲೇ ಕಡೆದ ಕಲ್ಲು ಅದು. ಅದರ ಗುರುತ್ವ ಕೇಂದ್ರ ಒಂದು ಕೂದಲೆಳೆಯಷ್ಟೂ ಅಲುಗುವುದಿಲ್ಲ.

ನಾವು ಹಾಗಲ್ಲ. ನಮ್ಮ ಗುರುತ್ವ ಕೇಂದ್ರ ಹೊಕ್ಕುಳಿನ ಕೆಳಗೆ, ನೆಲದಿಂದ ಎರಡೂವರೆ ಮೂರು ಅಡಿ ಎತ್ತರದಲ್ಲಿದೆ. ಅದನ್ನು ಹೊತ್ತು ನಿಂತಿರುವ ಆಧಾರ ಎರಡು ಪಾದಗಳು ಮತ್ತು ಅವುಗಳ ನಡುವಿನ ಜಾಗ ಮಾತ್ರ. ಅಂಗೈಯ ಮೇಲೆ ಪೊರಕೆಯನ್ನು ನೆಟ್ಟಗೆ ನಿಲ್ಲಿಸುವ ಆಟ ಆಡಿದ್ದೀರಲ್ಲ? ಪೊರಕೆ ವಾಲಿದ ಕಡೆಗೆ ಕೈಯನ್ನು ಸರಿಸುತ್ತಲೇ ಇರಬೇಕು. ನೀವು ಸುಮ್ಮನೆ ನಿಂತಿರುವಾಗಲೂ ನಿಮ್ಮ ಹರಡಿನ ಸ್ನಾಯುಗಳು ಅದೇ ಕೆಲಸ ಮಾಡುತ್ತಿರುತ್ತವೆ.

ನಂಬಿಕೆ ಬಾರದಿದ್ದರೆ ಒಂದು ಪ್ರಯೋಗ ಮಾಡಿ. ರಾತ್ರಿ ಕೋಣೆಯ ಒಂದು ಪಕ್ಕದಲ್ಲಿ ಟಾರ್ಚನ್ನು ಅಲುಗದಂತೆ ಇಟ್ಟು, ಎದುರು ಗೋಡೆಗೆ ಬಿಳಿ ಹಾಳೆ ಅಂಟಿಸಿ. ಗೋಡೆಗೆ ಪಕ್ಕೆ ತಿರುಗಿಸಿ ಗೆಳೆಯನನ್ನು ನಡುವೆ ನಿಲ್ಲಿಸಿ. ಹಾಳೆಯ ಮೇಲೆ ಬಿದ್ದ ಅವನ ಮೂಗಿನ ನೆರಳಿನ ತುದಿಗೆ ಪೆನ್ಸಿಲಿನಿಂದ ಗುರುತು ಹಾಕಿ. ‘ಅಲುಗಬೇಡ’ ಎಂದು ಎಷ್ಟು ಹೇಳಿದರೂ ನೆರಳು ಗುರುತಿನ ಹಿಂದಕ್ಕೂ ಮುಂದಕ್ಕೂ ತೂಗುತ್ತಿರುತ್ತದೆ. ಕಣ್ಣು ಮುಚ್ಚಿದರೆ ಆ ತೂಗಾಟ ಹೆಚ್ಚುತ್ತದೆ.

ಏಕೆ ಹೆಚ್ಚುತ್ತದೆ? ದೇಹ ವಾಲುತ್ತಿದೆ ಎಂದು ಮೆದುಳಿಗೆ ವರದಿ ಒಪ್ಪಿಸುವವರು ಮೂವರು. ಮೊದಲನೆಯದು ಕಣ್ಣು. ಎರಡನೆಯದು ಒಳಗಿವಿ. ಅಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತ ನಾಳಗಳಿದ್ದು ತಲೆ ತಿರುಗುವುದನ್ನು ತಿಳಿಸುತ್ತವೆ. ಪಕ್ಕದ ಎರಡು ಚೀಲಗಳಲ್ಲಿರುವ ಸುಣ್ಣದ ಸೂಕ್ಷ್ಮ ಹರಳುಗಳು ತಲೆ ಯಾವ ಕಡೆ ವಾಲಿದೆ ಎಂಬುದನ್ನು ಹೇಳುತ್ತವೆ. ಕಿವಿಯ ಈ ಭಾಗದ ಕುರಿತ ಸಂಶೋಧನೆಗಾಗಿ ಆಸ್ಟ್ರಿಯಾದ ರಾಬರ್ಟ್ ಬರಾನಿ ಎಂಬ ವೈದ್ಯರಿಗೆ 1914ರ ನೊಬೆಲ್ ಬಹುಮಾನ ಬಂತು. ಮೂರನೆಯದು ಅಂಗಾಲಿನ ಚರ್ಮ, ಸ್ನಾಯು ಮತ್ತು ಕೀಲುಗಳು. ಕತ್ತಲಲ್ಲಿ ನಿಮ್ಮ ಮೊಣಕಾಲು ಎಷ್ಟು ಬಗ್ಗಿದೆ ಎಂದು ನೋಡದೆಯೇ ನಿಮಗೆ ಗೊತ್ತಾಗುವುದು ಇವುಗಳಿಂದ.

ಮೂರು ವರದಿಗಳನ್ನೂ ತಾಳೆ ನೋಡಿ ಕಿರುಮೆದುಳು ಮತ್ತು ಮೆದುಳಿನ ಇತರ ಭಾಗಗಳು ಕಾಲಿನ ಸ್ನಾಯುಗಳಿಗೆ ಆಜ್ಞೆ ಕಳಿಸುತ್ತವೆ. ಒಬ್ಬ ವರದಿಗಾರ ರಜೆ ಹಾಕಿದರೆ ಉಳಿದಿಬ್ಬರು ಸಂಭಾಳಿಸುತ್ತಾರೆ. ನನ್ನ ತರಗತಿಯಲ್ಲಿ ಕಣ್ಣು ಮುಚ್ಚಿಸಿ, ಒಂಟಿ ಕಾಲಿನಲ್ಲಿ ನಿಲ್ಲಿಸಿದಾಗ ಆ ಸಂಭಾಳಿಕೆ ಸಾಲದಾಗುತ್ತದೆ, ಅಷ್ಟೆ.

ವಯಸ್ಸಾದಾಗ ಆಗುವುದೇನು?

ಗುರುತ್ವ ಕೇಂದ್ರ ಎಲ್ಲೋ ಓಡಿಹೋಗುವುದಿಲ್ಲ. ಬೆನ್ನು ಬಾಗಿದವರಲ್ಲಿ ಸ್ವಲ್ಪ ಮುಂದಕ್ಕೆ ಬರಬಹುದು. ಮುಖ್ಯವಾಗಿ ಕೆಡುವುದು ವರದಿ ಮತ್ತು ಆಜ್ಞೆಯ ವ್ಯವಸ್ಥೆ. ಕಣ್ಣಿಗೆ ಪೊರೆ ಬರುತ್ತದೆ. ಒಳಗಿವಿಯ ಸಂವೇದಕ ಕೋಶಗಳು ಕಡಿಮೆಯಾಗುತ್ತವೆ. ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇದ್ದವರಿಗೆ ಅಂಗಾಲು ಜೋಮು ಹಿಡಿದಂತಾಗಿ ನೆಲದ ಸುದ್ದಿ ಸರಿಯಾಗಿ ತಲುಪುವುದಿಲ್ಲ. ನರಗಳಲ್ಲಿ ಆಜ್ಞೆ ಹರಿಯುವುದು ನಿಧಾನವಾಗುತ್ತದೆ. ಸ್ನಾಯು ಸೊರಗುತ್ತದೆ, ಅದರಲ್ಲೂ ತಟ್ಟನೆ ಬಲ ಹಾಕುವ ಎಳೆಗಳು ಹೆಚ್ಚು ಸೊರಗುತ್ತವೆ.

ಎಡವಿದಾಗ ಎಲ್ಲರೂ ಬೀಳುವುದಿಲ್ಲ. ನಿಮ್ಮ ವಯಸ್ಸಿನವರು ದಿನಕ್ಕೆ ಎಷ್ಟು ಸಲ ಎಡವುತ್ತೀರೋ ಲೆಕ್ಕವಿಲ್ಲ. ಆದರೆ ಎಡವಿದ ಕ್ಷಣದಲ್ಲೇ ಇನ್ನೊಂದು ಕಾಲು ಮುಂದೆ ಬಂದು ಊರಿಕೊಳ್ಳುತ್ತದೆ. ಗುರುತ್ವ ಕೇಂದ್ರದ ಕೆಳಗೆ ಹೊಸ ಆಧಾರ ಸಿಗುತ್ತದೆ. ಅಜ್ಜಿಗೂ ಕಾಲು ಮುಂದೆ ಬರುತ್ತದೆ, ಆದರೆ ತಡವಾಗಿ ಮತ್ತು ಸಾಲದಷ್ಟು ಬಲದಿಂದ. ಬೀಳುವುದು ಎಂದರೆ ಆ ಪಂದ್ಯದಲ್ಲಿ ಸೋಲುವುದು.

ಇದನ್ನು ಸಣ್ಣ ವಿಷಯವೆಂದು ತಿಳಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಬೀಳುವುದರದು. 2011ರ ಜನಗಣತಿಯ ಹೊತ್ತಿಗೇ ನಮ್ಮ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚು ಇದ್ದರು.

ಇಲ್ಲೊಂದು ಸುಳಿಯಿದೆ, ನಮ್ಮ ಅವ್ವ ಸಿಕ್ಕಿಕೊಂಡದ್ದು ಅದರಲ್ಲೇ. ಒಂದು ಸಲ ಬಿದ್ದವರಿಗೆ ಭಯ ಹುಟ್ಟುತ್ತದೆ. ಭಯದಿಂದ ಓಡಾಟ ಕಡಿಮೆಯಾಗುತ್ತದೆ. ಓಡಾಟ ಕಡಿಮೆಯಾದರೆ ಸ್ನಾಯು ಸೊರಗುತ್ತದೆ, ವರದಿಗಾರರಿಗೆ ಅಭ್ಯಾಸ ತಪ್ಪುತ್ತದೆ. ಆಗ ಬೀಳುವ ಸಂಭವ ಇನ್ನೂ ಹೆಚ್ಚುತ್ತದೆ. ಮನೆಯವರು ಪ್ರೀತಿಯಿಂದ ಹೇಳುವ ‘ಕೂತ್ಕೊ’ ಈ ಸುಳಿಗೆ ಇನ್ನಷ್ಟು ವೇಗ ಕೊಡುತ್ತದೆ.

ಡ್ಯುನೆಡಿನ್‌ನ ಅಜ್ಜಿಯರು

ಹಾಗಾದರೆ ಹೋದ ಸಮತೋಲನ ಮತ್ತೆ ಬರುತ್ತದೆಯೇ? ಎಂಬತ್ತು ದಾಟಿದ ಮೇಲೂ ಬರುತ್ತದೆಯೇ? ಇದನ್ನು ಊಹೆಯಿಂದ ಹೇಳಬೇಕಾಗಿಲ್ಲ, ಪರೀಕ್ಷೆ ಮಾಡಿ ನೋಡಿದ್ದಾರೆ.

ನ್ಯೂಜಿಲೆಂಡಿನ ಡ್ಯುನೆಡಿನ್ ಎಂಬ ಊರಿನಲ್ಲಿ ಒಟಾಗೊ ವಿಶ್ವವಿದ್ಯಾಲಯದ ಜಾನ್ ಕ್ಯಾಂಬೆಲ್ ಮತ್ತು ಅವರ ಸಂಗಡಿಗರು 80 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ 233 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿನ 116 ಮಂದಿಯ ಮನೆಗೆ ಮೊದಲ ಎರಡು ತಿಂಗಳಲ್ಲಿ ವ್ಯಾಯಾಮ ಚಿಕಿತ್ಸಕರು ನಾಲ್ಕು ಸಲ ಹೋಗಿ ಕಾಲಿನ ಬಲದ ಮತ್ತು ಸಮತೋಲನದ ವ್ಯಾಯಾಮಗಳನ್ನು ಕಲಿಸಿಕೊಟ್ಟರು. ಇನ್ನೊಂದು ಗುಂಪಿನ 117 ಮಂದಿಯ ಮನೆಗೆ ಅಷ್ಟೇ ಸಲ ಹೋಗಿ ಮಾತಾಡಿಸಿ ಬಂದರು. ವರ್ಷ ಮುಗಿದಾಗ ಮಾತಾಡಿಸಿದ ಗುಂಪಿನಲ್ಲಿ ಒಟ್ಟು 152 ಸಲ ಬಿದ್ದಿದ್ದರು. ವ್ಯಾಯಾಮ ಮಾಡಿದ ಗುಂಪಿನಲ್ಲಿ 88 ಸಲ. ಈ ಫಲಿತಾಂಶ 1997ರಲ್ಲಿ ಪ್ರಕಟವಾಯಿತು.

ಮಕ್ಕಳೇ, ಇನ್ನೊಂದು ಗುಂಪಿನ ಮನೆಗೆ ಸುಮ್ಮನೆ ಏಕೆ ಹೋದರು ಎಂದು ಯೋಚಿಸಿ. ಯಾರಾದರೂ ಬಂದು ವಿಚಾರಿಸಿದರೆ ಮುದುಕರಿಗೆ ಉಲ್ಲಾಸವಾಗುತ್ತದೆ. ಲಾಭ ವ್ಯಾಯಾಮದಿಂದ ಬಂತೇ ಅಥವಾ ವಿಚಾರಿಸಿದ್ದರಿಂದ ಬಂತೇ ಎಂದು ಬೇರ್ಪಡಿಸಲು ಈ ಏರ್ಪಾಡು. ನಿಮ್ಮ ಪ್ರಯೋಗಶಾಲೆಯಲ್ಲಿ ‘ನಿಯಂತ್ರಿತ ಪ್ರಯೋಗ’ ಎಂದು ಬರೆಯುತ್ತೀರಲ್ಲ, ಅದೇ ಇದು.

ಆಮೇಲೆ ಇಂಥ ಪರೀಕ್ಷೆಗಳು ಹಲವು ದೇಶಗಳಲ್ಲಿ ನಡೆದವು. 2019ರಲ್ಲಿ 108 ಪರೀಕ್ಷೆಗಳನ್ನು ಒಟ್ಟಾಗಿ ಪರಿಶೀಲಿಸಿದ ಕಾಕ್ರೇನ್ ವರದಿ, ವ್ಯಾಯಾಮದಿಂದ ಬೀಳುವುದು ಶೇಕಡ 23ರಷ್ಟು ಕಡಿಮೆಯಾಗುತ್ತದೆ ಎಂದು ತೀರ್ಮಾನಿಸಿತು. ಆ ವರದಿಯಲ್ಲಿ ನಾವು ಗಮನಿಸಬೇಕಾದ ಇನ್ನೊಂದು ಮಾತಿದೆ. ಬರೀ ವಾಕಿಂಗ್‌ನಿಂದ ಬೀಳುವುದು ಕಡಿಮೆಯಾಗುತ್ತದೆ ಎಂಬುದಕ್ಕೆ ಸಾಕಷ್ಟು ಆಧಾರ ಸಿಕ್ಕಿಲ್ಲ. ನಡಿಗೆ ಹೃದಯಕ್ಕೆ ಒಳ್ಳೆಯದು, ಮನಸ್ಸಿಗೂ ಒಳ್ಳೆಯದು. ಆದರೆ ಸಮತೋಲನ ಬೇಕಾದರೆ ಸಮತೋಲನವನ್ನೇ ಅಭ್ಯಾಸ ಮಾಡಬೇಕು. ಸೈಕಲ್ ಕಲಿಯಲು ಸೈಕಲ್ಲನ್ನೇ ಹತ್ತಬೇಕಷ್ಟೆ.

ನಮ್ಮ ಹಿಂದಿನವರು ಇದನ್ನು ವ್ಯಾಯಾಮವೆಂದು ಕರೆಯದೆಯೇ ಮಾಡುತ್ತಿದ್ದರು. ಗದ್ದೆಯ ಬದುವಿನ ಮೇಲೆ ನಡೆಯುವುದು, ನೆಲಕ್ಕೆ ಕೂತು ಊಟ ಮಾಡಿ ಏಳುವುದು, ತಲೆಯ ಮೇಲೆ ಬಿಂದಿಗೆ ಹೊರುವುದು ಎಲ್ಲವೂ ಸಮತೋಲನದ ಪಾಠವೇ. ಹುಡುಗಿಯರಾಗಿದ್ದಾಗ ಅವರು ಆಡಿದ ಕುಂಟೆಬಿಲ್ಲೆಯಂತೂ ಒಂಟಿ ಕಾಲಿನ ಶುದ್ಧ ಅಭ್ಯಾಸ. ಇವು ಬಿಟ್ಟುಹೋದಲ್ಲಿ ಬೇರೆ ಏನಾದರೂ ಆ ಜಾಗ ತುಂಬಬೇಕು.

ಮೊದಲು ಅಳೆಯಿರಿ

ವಿಜ್ಞಾನದ ವಿದ್ಯಾರ್ಥಿಗಳು ಅಳೆಯದೆ ಏನನ್ನೂ ಶುರು ಮಾಡಬಾರದು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಬಳಸುವ ಎರಡು ಸರಳ ಪರೀಕ್ಷೆಗಳನ್ನು ಹೇಳುತ್ತೇನೆ. ಬೇಕಾದದ್ದು ಕೈಗಡಿಯಾರ, ಗಟ್ಟಿ ಕುರ್ಚಿ ಮತ್ತು ಪಕ್ಕದಲ್ಲಿ ನಿಲ್ಲಲು ದೊಡ್ಡವರೊಬ್ಬರು. ಅಜ್ಜಿಗೆ ತಲೆಸುತ್ತು, ಎದೆನೋವು, ಇತ್ತೀಚೆಗೆ ಆದ ಆಪರೇಷನ್ ಅಥವಾ ಮೂಳೆಮುರಿತ ಇದ್ದರೆ ಡಾಕ್ಟರನ್ನು ಕೇಳದೆ ಮಾಡಿಸಬೇಡಿ. ಮಕ್ಕಳೇ ಒಬ್ಬರೇ ಮಾಡಿಸಬಾರದು.

ಮೊದಲನೆಯದು ಕುರ್ಚಿ ಪರೀಕ್ಷೆ. ಸುಮಾರು 17 ಅಂಗುಲ ಎತ್ತರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಕೈಯೂರದೆ, 30 ಸೆಕೆಂಡುಗಳಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಂತು ಕೂರುತ್ತಾರೆ ಎಂದು ಎಣಿಸಿ. 70ರಿಂದ 74 ವರ್ಷದ ಹೆಂಗಸರಿಗೆ 10ಕ್ಕಿಂತ, ಗಂಡಸರಿಗೆ 12ಕ್ಕಿಂತ ಕಡಿಮೆ ಬಂದರೆ ಬೀಳುವ ಸಂಭವ ಹೆಚ್ಚು. 80ರಿಂದ 84ರವರಿಗೆ ಈ ಸಂಖ್ಯೆ ಕ್ರಮವಾಗಿ 9 ಮತ್ತು 10. ಕೈಯೂರದೆ ಏಳಲಾಗದಿದ್ದರೆ ಸೊನ್ನೆ ಎಂದು ಬರೆದುಕೊಳ್ಳಿ, ಅದರಲ್ಲಿ ನಾಚಿಕೆಯೇನಿಲ್ಲ.

ಎರಡನೆಯದು ನಾಲ್ಕು ಹಂತದ ನಿಲುವು. ಅಡುಗೆಮನೆಯ ಕಟ್ಟೆಯ ಪಕ್ಕದಲ್ಲಿ ನಿಲ್ಲಿಸಿ. ಮೊದಲು ಪಾದಗಳನ್ನು ಜೋಡಿಸಿ ನಿಲ್ಲುವುದು. ನಂತರ ಒಂದು ಪಾದವನ್ನು ಅರ್ಧ ಮುಂದಿಡುವುದು. ಮೂರನೆಯದಾಗಿ ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳ ತುದಿಗೆ ತಾಗುವಂತೆ ಒಂದೇ ಗೆರೆಯಲ್ಲಿ ನಿಲ್ಲುವುದು. ಕೊನೆಗೆ ಒಂಟಿ ಕಾಲು. ಕಣ್ಣು ತೆರೆದೇ ಇರಬೇಕು, ಪ್ರತಿ ಹಂತಕ್ಕೆ 10 ಸೆಕೆಂಡು. ಮೂರನೆಯ ಹಂತದಲ್ಲಿ 10 ಸೆಕೆಂಡು ನಿಲ್ಲಲಾಗದಿದ್ದರೆ ಅಭ್ಯಾಸ ಬೇಕೇ ಬೇಕು. ಕಣ್ಣು ಮುಚ್ಚುವ ಆಟ ನಿಮಗೆ ಮಾತ್ರ, ಹಿರಿಯರಿಂದ ಮಾಡಿಸಲೇಬೇಡಿ.

ಅರಕಲಗೂಡಿನ ಅತ್ತೆ

ಅರಕಲಗೂಡಿನಲ್ಲಿ ನನ್ನ ಸೋದರತ್ತೆ ಇದ್ದಾರೆ. 76 ವರ್ಷ. ಎರಡು ವರ್ಷದ ಹಿಂದೆ ಜಗಲಿ ಇಳಿಯುವಾಗ ಬಿದ್ದರು. ಮೂಳೆ ಮುರಿಯಲಿಲ್ಲ, ಮಂಡಿ ತರಚಿತು. ಮಾರನೆಯ ದಿನ ಹೋಗಿ ನೋಡಿದರೆ ಆಗಲೇ ಕುರ್ಚಿಯಲ್ಲಿ ಕೂರಿಸಿಬಿಟ್ಟಿದ್ದರು. ನಾನು ಅವರ ಮಗನಿಗೆ ನಮ್ಮ ಅವ್ವನ ಕತೆ ಹೇಳಿದೆ. ಅತ್ತೆಯನ್ನು ಡಾಕ್ಟರಿಗೆ ತೋರಿಸಿ, ವ್ಯಾಯಾಮ ಚಿಕಿತ್ಸಕರ ಹತ್ತಿರ ಹೇಳಿಸಿಕೊಂಡು ಬಂದು ಮನೆಯಲ್ಲೇ ಶುರು ಮಾಡಿದೆವು. ಕಾವಲಿಗೆ ಎಂಟನೆಯ ತರಗತಿಯ ಮೊಮ್ಮಗ.

ಅವರು ಮಾಡುವುದಿಷ್ಟು. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಲ್ಲುವುದು, ಆಮೇಲೆ ಬೆರಳೆತ್ತಿ ಹಿಮ್ಮಡಿಯ ಮೇಲೆ ನಿಲ್ಲುವುದು, ಹತ್ತತ್ತು ಸಲ. ಒಂದು ಕಾಲನ್ನು ಪಕ್ಕಕ್ಕೆ ಎತ್ತಿ ಇಳಿಸುವುದು. ಕುರ್ಚಿಯಿಂದ ಎದ್ದು ಕೂರುವುದು. ಮೊದಮೊದಲು ಎರಡೂ ಕೈಯೂರಿ, ನಂತರ ಒಂದೇ ಕೈಯೂರಿ, ಕೊನೆಗೆ ಕೈಯೂರದೆ. ಕಟ್ಟೆಯ ಉದ್ದಕ್ಕೂ ಪಕ್ಕಪಕ್ಕಕ್ಕೆ ನಡೆಯುವುದು. ಹಿಮ್ಮಡಿಗೆ ಬೆರಳು ತಾಗಿಸುತ್ತ ಗೆರೆಯ ಮೇಲೆ ನಡೆಯುವುದು. ಎರಡು ಚೊಂಬುಗಳನ್ನು ದೂರದೂರ ಇಟ್ಟು ಅವುಗಳ ಸುತ್ತ 8ರ ಆಕಾರದಲ್ಲಿ ನಡೆಯುವುದು. ಡ್ಯುನೆಡಿನ್‌ನ ಅಜ್ಜಿಯರ ಪಟ್ಟಿಯಲ್ಲಿ ಇವೆಲ್ಲ ಇದ್ದವು. ಅಲ್ಲಿ ವಾರಕ್ಕೆ ಮೂರು ದಿನ, ದಿನಕ್ಕೆ ಸುಮಾರು ಅರ್ಧ ಗಂಟೆ ಮಾಡಿಸುತ್ತಿದ್ದರು. ಅತ್ತೆ ಹತ್ತು ನಿಮಿಷದಿಂದ ಶುರು ಮಾಡಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಅಭ್ಯಾಸ ಪೂರ್ತಿ ಸುಲಭವಾಗಿದ್ದರೆ ಪ್ರಯೋಜನವಿಲ್ಲ. ಸ್ವಲ್ಪ ತೂಗಾಡಬೇಕು, ತಾವೇ ಸರಿಪಡಿಸಿಕೊಳ್ಳಬೇಕು. ಆ ಸರಿಪಡಿಸಿಕೊಳ್ಳುವುದರಲ್ಲೇ ಕಲಿಕೆ ಇದೆ. ಅದಕ್ಕೇ ಕಟ್ಟೆಯ ಮೇಲೆ ಮೊದಲು ಎರಡು ಕೈ, ಆಮೇಲೆ ಒಂದು ಕೈ, ಆಮೇಲೆ ಎರಡು ಬೆರಳು. ಕೈ ತೆಗೆದರೂ ಕಟ್ಟೆ ಅಲ್ಲೇ ಇರಬೇಕು, ಮೊಮ್ಮಗನೂ ಅಲ್ಲೇ ಇರಬೇಕು.

ಮೊದಲ ವಾರ ಅತ್ತೆ, ‘ಈ ವಯಸ್ಸಲ್ಲಿ ನನ್ನ ಕುಣಿಸ್ತೀಯೇನೋ’ ಎಂದು ರೇಗಿದರು. ಮೂರನೆಯ ವಾರ ಮೊಮ್ಮಗ ಮರೆತ ದಿನ ತಾವೇ ಕರೆದರು. ನಾಲ್ಕು ತಿಂಗಳಿಗೆ ಕುರ್ಚಿಯಿಂದ ಎದ್ದು ಕೂರುವುದು 6ರಿಂದ 11ಕ್ಕೆ ಏರಿತು. ಈಗ ಹೊಸ್ತಿಲು ದಾಟುವಾಗ ಬಾಗಿಲವಾಡ ಹಿಡಿಯುವುದಿಲ್ಲ. ಇದು ಒಬ್ಬರ ಕತೆ, ಪುರಾವೆಯಲ್ಲ. ಪುರಾವೆ ಮೇಲೆ ಹೇಳಿದ ಅಂಕಿಗಳಲ್ಲಿದೆ. ಆದರೆ ಬಾಗಿಲವಾಡ ಬಿಟ್ಟ ಆ ಕೈಯನ್ನು ನೋಡಿದಾಗ ನನಗೆ ನಮ್ಮ ಅವ್ವನ ನೆನಪಾಯಿತು.

ಮನೆಯನ್ನೂ ಒಮ್ಮೆ ನೋಡಿ

ಅಭ್ಯಾಸದ ಜೊತೆಗೆ ಮನೆಯಲ್ಲೂ ಸ್ವಲ್ಪ ತಿದ್ದುಪಡಿ ಬೇಕು. ಬಚ್ಚಲಿನ ಪಾಚಿ ಉಜ್ಜಿ ತೆಗೆಯಿರಿ. ಗೋಡೆಗೆ ಗಟ್ಟಿಯಾದ ಹಿಡಿಕೆ ಹಾಕಿಸಿ. ಟವೆಲ್ ಹಾಕುವ ಸಲಾಕೆ ಭಾರ ತಡೆಯುವುದಿಲ್ಲ. ಸವೆದ ಹವಾಯಿ ಚಪ್ಪಲಿ ಬಿಸಾಡಿ, ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಕೊಡಿಸಿ. ಮಂಚದಿಂದ ಬಚ್ಚಲಿನವರೆಗೆ ರಾತ್ರಿ ಚಿಕ್ಕ ದೀಪ ಉರಿಯಲಿ. ನಿದ್ದೆಯಿಂದ ಎದ್ದವರು ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಆಮೇಲೆ ನಿಲ್ಲಲಿ; ತಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ತಲೆಸುತ್ತು ಬರುವುದುಂಟು. ನಿದ್ದೆ ಮಾತ್ರೆ, ರಕ್ತದೊತ್ತಡದ ಮಾತ್ರೆಗಳಿಂದಲೂ ಹೀಗಾಗಬಹುದು. ಹಾಗೆಂದು ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ಪೊರೆ ಬಂದ ಕಣ್ಣಿಗೆ ಚಿಕಿತ್ಸೆ ಮಾಡಿಸಿ.

ಊರುಗೋಲು ಹಿಡಿಯುವುದು ಅವಮಾನವಲ್ಲ. ಎರಡು ಕಾಲಿನ ಆಧಾರಕ್ಕೆ ಮೂರನೆಯದೊಂದು ಸೇರಿದರೆ ಗುರುತ್ವ ಕೇಂದ್ರಕ್ಕೆ ಓಡಾಡಲು ಜಾಗ ಹೆಚ್ಚುತ್ತದೆ. ತುದಿಗೆ ರಬ್ಬರ್ ಇರಲಿ, ಹಿಡಿ ಮಣಿಕಟ್ಟಿನ ಎತ್ತರಕ್ಕಿರಲಿ, ನೋವಿರುವ ಕಾಲಿಗೆ ಎದುರಿನ ಕೈಯಲ್ಲಿ ಹಿಡಿಯಲಿ.

ಹಿರಿಯರನ್ನು ವಿಂಧ್ಯಗಿರಿಗೆ ಕರೆದುಕೊಂಡು ಹೋಗುವವರಿಗೆ ಒಂದು ಮಾತು. ಬಂಡೆಯಲ್ಲಿ ಕಡೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ ಎಂದು ಎಲ್ಲರೂ ಎಚ್ಚರವಾಗಿರುತ್ತಾರೆ. ಅಪಾಯ ಹೆಚ್ಚಿರುವುದು ಇಳಿಯುವಾಗ. ದಣಿದ ತೊಡೆ ದೇಹದ ಭಾರವನ್ನು ಪ್ರತಿ ಮೆಟ್ಟಿಲಿನಲ್ಲೂ ತಡೆಹಿಡಿಯಬೇಕು, ಕಣ್ಣು ಕೆಳಗಿನ ಅಂಚನ್ನು ಸರಿಯಾಗಿ ಗುರುತಿಸಬೇಕು. ಇಳಿಯುವಾಗ ಅವರಿಗಿಂತ ಒಂದು ಮೆಟ್ಟಿಲು ಮುಂದೆ ನೀವಿರಿ. ರಾಮನಾಥಪುರದಲ್ಲಿ ಕಾವೇರಿಯ ಸೋಪಾನಗಳಿಗೂ ಇದೇ ಮಾತು. ಅಲ್ಲಿ ನೀರೂ ಸೇರಿರುತ್ತದೆ.

ಪದೇ ಪದೇ ಬೀಳುತ್ತಿದ್ದರೆ, ಬಿದ್ದಾಗ ಪ್ರಜ್ಞೆ ತಪ್ಪಿದ್ದರೆ, ತಲೆಗೆ ಪೆಟ್ಟಾಗಿದ್ದರೆ ವ್ಯಾಯಾಮದ ಮಾತು ಆಮೇಲೆ. ಮೊದಲು ಆಸ್ಪತ್ರೆಗೆ ಹೋಗಿ. ನಮ್ಮ ಮೂರೂ ತಾಲ್ಲೂಕುಗಳಲ್ಲಿ ಸರ್ಕಾರಿ ಆಸ್ಪತ್ರೆ ಇದೆ, ಹಾಸನದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೇ ಇದೆ.

ಮನೆಗೆಲಸ

ಆ ಹುಡುಗಿಗೆ ನಾನು ಮಾರನೆಯ ದಿನ ಹೇಳಿದ್ದು ಇಷ್ಟೆ: ಅಜ್ಜಿಯ ಕೈ ಕೂಡಿಕೊಂಡ ಮೇಲೆ ಡಾಕ್ಟರನ್ನು ಕೇಳಿ, ಅಪ್ಪನನ್ನು ಒಪ್ಪಿಸಿ, ಪಕ್ಕದಲ್ಲಿ ನಿಂತು ಎಬ್ಬಿಸು. ಒಪ್ಪಿಸುವುದು ಸುಲಭವಾಗಲಿಲ್ಲವಂತೆ. ‘ಬಿದ್ರೆ ಯಾರು ಜವಾಬ್ದಾರಿ’ ಎಂದರಂತೆ ಅಪ್ಪ. ನ್ಯಾಯವಾದ ಪ್ರಶ್ನೆಯೇ. ಕೊನೆಗೆ ಅವರೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕೇಳಿಕೊಂಡು ಬಂದರು.

ಹೋದ ವಾರ ಅವಳು ನೋಟ್‌ಬುಕ್ಕಿನ ಕೊನೆಯ ಪುಟ ತೋರಿಸಿದಳು. ದಿನಾಂಕ ಒಂದು ಕಡೆ, ಸಂಖ್ಯೆ ಒಂದು ಕಡೆ. ಮೊದಲ ದಿನ ಕುರ್ಚಿಯಿಂದ ಎದ್ದದ್ದು 4 ಸಲ. ಆರನೆಯ ವಾರ 7. ಒಂದು ದಿನ 5ಕ್ಕೆ ಇಳಿದಿತ್ತು. ಪಕ್ಕದಲ್ಲಿ ಅವಳೇ ಬರೆದಿದ್ದಳು: ‘ಅಜ್ಜಿಗೆ ನೆಗಡಿ.’

ಈ ವಾರ ನೀವೂ ಒಂದು ಪುಟ ಶುರು ಮಾಡಿ. ಪೋಷಕರು ಕುರ್ಚಿ ಹಿಡಿದು ನಿಲ್ಲಲಿ, ಮಕ್ಕಳು ಎಣಿಸಲಿ.